ಡಾಕ್ಟರನ್ನು ಕೇಳದೆ ಅಮ್ಮ ನೀರಿನ ಮಾತ್ರೆ ನುಂಗುತ್ತಿದ್ದಾರೆ, ಸಹಾಯ ಬೇಕು

ನಮಸ್ಕಾರ. ಅಮ್ಮನಿಗೆ 62 ವರ್ಷ. ಬಿಪಿಗೆ ಆಮ್ಲೋಡಿಪಿನ್ ತೆಗೆದುಕೊಳ್ಳುತ್ತಾರೆ. ಕಾಲು ಊದಿತು ಅಂತ ಯಾರದೋ ಮಾತು ಕೇಳಿ, ಚೀಟಿ ಇಲ್ಲದೆ ಮೆಡಿಕಲ್ ಶಾಪ್‌ನಿಂದ ಫ್ಯುರೋಸೆಮೈಡ್ (ಮೂತ್ರ ಜಾಸ್ತಿ ಮಾಡಿ ಮೈಯ ನೀರು ಇಳಿಸುವ ಮಾತ್ರೆ) 40 ಮಿ.ಗ್ರಾಂ. ತರಿಸಿ ದಿನಾ ನುಂಗುತ್ತಿದ್ದಾರೆ. ಊತ ಇಳಿಯಿತು, ನಿಜ. ಆದರೆ ಈಗ ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತದೆ, ಎದ್ದು ನಿಂತರೆ ತಲೆ ಸುತ್ತುತ್ತದೆ. ಈ ಮಾತ್ರೆ ನೀರಿನ ಜೊತೆ ಪೊಟ್ಯಾಶಿಯಂ, ಸೋಡಿಯಂ ಕೂಡ ಹೊರಗೆ ಹಾಕುತ್ತದೆ. ಪೊಟ್ಯಾಶಿಯಂ ಜಾಸ್ತಿ ಇಳಿದರೆ ಎದೆಬಡಿತವೇ ಏರುಪೇರಾಗುತ್ತದೆ. ಅದೇ ನನಗೆ ಭಯ.

ಮಾತ್ರೆ ನಿಲ್ಲಿಸಿ ನೋಡಿದೆವು, ಊತ ಮತ್ತೆ ಬಂತು. ಎಳನೀರು, ಬಾಳೆಹಣ್ಣು ಕೊಟ್ಟರೂ ಸೆಳೆತ ಹೋಗಿಲ್ಲ. ಆಮ್ಲೋಡಿಪಿನ್‌ನಿಂದಲೂ ಕಾಲು ಊದುತ್ತದೆ ಅಲ್ವಾ? ಹಾಗಿದ್ದರೆ ನೀರಿನ ಮಾತ್ರೆ ಬೇಕೇ ಇಲ್ಲವೇನೋ.

ನಾಳೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಅಲ್ಲಿಯವರೆಗೆ ಈ ಮಾತ್ರೆ ಕೊಡಬೇಕಾ, ಬಿಡಬೇಕಾ? ಎಲೆಕ್ಟ್ರೊಲೈಟ್ (ರಕ್ತದ ಸೋಡಿಯಂ, ಪೊಟ್ಯಾಶಿಯಂ), ಕ್ರಿಯಾಟಿನಿನ್ (ಕಿಡ್ನಿ ಪರೀಕ್ಷೆ) ಬಿಟ್ಟು ಬೇರೆ ಯಾವ ಪರೀಕ್ಷೆ ಕೇಳಬೇಕು?