ಯಲಹಂಕದ ಪವರ್ ಪ್ಲಾಂಟ್ ಹತ್ತಿರ ಫ್ಲ್ಯಾಟ್ ತಗೊಳ್ಳಬಹುದಾ? ಗೊತ್ತಿದ್ದವರು ಹೇಳಿ

ಪ್ರಶ್ನೆ: ಯಲಹಂಕದಲ್ಲಿ ಒಂದು ಫ್ಲ್ಯಾಟ್ ನೋಡಿದ್ದೇವೆ. ಬಾಲ್ಕನಿಗೆ ಬಂದರೆ ಪವರ್ ಪ್ಲಾಂಟಿನ ಚಿಮಣಿ ಕಾಣುತ್ತದೆ. ರಾಯಚೂರು ಕಡೆಯ ನಮ್ಮತ್ತೆ ಕೇಳಿದ್ದೇ ತಡ, "ಬೂದಿ ತಿನ್ನಾಕ ಹೊಂಟೀರೇನು?" ಅಂದರು. ಮಗನಿಗೆ ವೀಸಿಂಗ್ ಬೇರೆ ಇದೆ. ಏನು ಮಾಡೋಣ?

ಯಲಹಂಕ ನ್ಯೂಟೌನ್‌ನವರೊಬ್ಬರು: ಅತ್ತೆಯವರು ಹೇಳಿದ್ದು ಸುಳ್ಳಲ್ಲ, ಆದರೆ ಅದು ಕಲ್ಲಿದ್ದಲಿನ ಕಥೆ. ಇಲ್ಲಿರುವುದು 370 ಮೆಗಾವಾಟ್‌ನ ಗ್ಯಾಸ್ ಸ್ಥಾವರ. 2024ರಲ್ಲಿ ಉದ್ಘಾಟನೆ ಆಯಿತು, ಅದಕ್ಕೂ ಮುಂಚೆ ಡೀಸೆಲ್ ಘಟಕ ಇತ್ತು. ಗ್ಯಾಸ್ ಉರಿದು ಒಂದು ಟರ್ಬೈನ್ ತಿರುಗುತ್ತದೆ, ಹೊರಬರುವ ಬಿಸಿಯಲ್ಲಿ ಹಬೆ ಮಾಡಿ ಇನ್ನೊಂದನ್ನು ತಿರುಗಿಸುತ್ತಾರೆ. ಬೂದಿ ಇಲ್ಲ. ಗಂಧಕದ ಹೊಗೆ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ನೈಟ್ರೋಜನ್ ಆಕ್ಸೈಡ್‌ಗಳು ಮಾತ್ರ ಬರುತ್ತವೆ, ವೀಸಿಂಗ್ ಇರುವವರಿಗೆ ಅವು ಆಗಿಬರುವುದಿಲ್ಲ. ಮಗುವಿನ ಡಾಕ್ಟರ್ ಹತ್ತಿರ ಒಂದು ಮಾತು ಕೇಳಿಬಿಡಿ.

ಕಲ್ಲಿದ್ದಲು ಸ್ಥಾವರದ ಪಕ್ಕ ಬೆಳೆದವರು: ನಾನು ಈಗ ರಾಜಾಜಿನಗರದಲ್ಲಿದ್ದೇನೆ, ಬೆಳೆದದ್ದು ಉತ್ತರ ಕರ್ನಾಟಕದ ಅಂಥ ಒಂದು ಊರಲ್ಲಿ. ಎಲ್ಲರೂ ಚಿಮಣಿ ನೋಡಿ ಹೆದರುತ್ತಾರೆ. ಅದು ಎತ್ತರ ಇರುವುದೇ ಹೊಗೆ ದೂರ ಹೋಗಲಿ ಅಂತ. ನಮ್ಮ ಮನೆಗೆ ಬೂದಿ ಬರುತ್ತಿದ್ದದ್ದು ಬೂದಿ ಹೊಂಡದಿಂದ, ಅಂದರೆ ಸ್ಥಾವರದ ಬೂದಿಯನ್ನು ನೀರಲ್ಲಿ ಕಲಸಿ ತುಂಬಿಡುವ ಹೊಂಡದಿಂದ. ಬೇಸಿಗೆಯಲ್ಲಿ ಹೊಂಡದ ನೀರು ಆರಿ, ಗಾಳಿ ಎದ್ದರೆ ಮುಗಿಯಿತು. ತುಳಸಿ ಎಲೆ ಬೂದು ಬಣ್ಣ. ತಂತಿ ಮೇಲಿನ ಸೀರೆಯನ್ನು ಅಮ್ಮ ಕೊಡವಿಯೇ ಒಳಗೆ ತರುತ್ತಿದ್ದಳು. ಹಾರುಬೂದಿ ಸಿಮೆಂಟಿನಷ್ಟು ನುಣುಪು. ಒಣಬಟ್ಟೆಯಲ್ಲಿ ಒರೆಸಿದರೆ ಕಿಟಕಿಯಿಂದ ಕಪಾಟಿಗೆ ಹೋಗುತ್ತದೆ ಅಷ್ಟೇ, ಒದ್ದೆ ಬಟ್ಟೆಯೇ ಬೇಕು. ಟಾರ್ಪಾಲು ಸರಿಯಾಗಿ ಕಟ್ಟದ ಬೂದಿ ಲಾರಿಗಳದ್ದು ಇನ್ನೊಂದು ಕಾಟ. ಹಾಗಾಗಿ ಯಾರಾದರೂ ನಿಜವಾದ ಕಲ್ಲಿದ್ದಲು ಸ್ಥಾವರದ ಹತ್ತಿರ ಮನೆ ನೋಡುತ್ತಿದ್ದರೆ ಬೂದಿ ಹೊಂಡ ಎಲ್ಲಿದೆ, ಬೇಸಿಗೆ ಗಾಳಿ ಯಾವ ಕಡೆಯಿಂದ ಬೀಸುತ್ತದೆ, ಇವೆರಡು ಮೊದಲು ಕೇಳಿ.

ನಿವೃತ್ತ ಎಂಜಿನಿಯರ್, ಬಸವೇಶ್ವರನಗರ: ಲೆಕ್ಕ ಹೇಳುತ್ತೇನೆ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಂದು ಪಾಲು ಬೂದಿ. ಒಂದು ಇಡೀ ಗೂಡ್ಸ್ ರೈಲಿನ ಕಲ್ಲಿದ್ದಲು ಅಂದರೆ 3,500 ಟನ್‌ಗೂ ಜಾಸ್ತಿ, ಅದರಲ್ಲಿ ಸಾವಿರ ಟನ್‌ಗೆ ಮೇಲ್ಪಟ್ಟು ಬೂದಿ. ಬಹುಪಾಲನ್ನು ಇಎಸ್‌ಪಿ, ಅಂದರೆ ಹೊಗೆಯಲ್ಲಿನ ಬೂದಿಯನ್ನು ವಿದ್ಯುತ್ತಿನಿಂದ ಸೆಳೆಯುವ ಯಂತ್ರ, ಹಿಡಿಯುತ್ತದೆ. ಗಂಧಕದ ಹೊಗೆ, ಅಂದರೆ ಸಲ್ಫರ್ ಡೈಆಕ್ಸೈಡ್, ಅನಿಲ ಅಲ್ವಾ, ಅದು ಅಲ್ಲಿ ಸಿಗುವುದಿಲ್ಲ, ಅದಕ್ಕೆ ಎಫ್‌ಜಿಡಿ ಬೇಕು, ಅಂದರೆ ಹೊಗೆಯಿಂದ ಗಂಧಕ ತೆಗೆಯುವ ಘಟಕ. ಹಾಗೇ ಬಿಟ್ಟರೆ ಗಾಳಿಯಲ್ಲಿ ಸಲ್ಫೇಟ್ ಕಣವಾಗಿ ನೂರಾರು ಕಿಲೋಮೀಟರ್ ಹೋಗುತ್ತದೆ. 2015ರಲ್ಲಿ ಕೇಂದ್ರ ಇದಕ್ಕೆ ಮಿತಿ ಹಾಕಿತು. ಗಡುವು ಮುಂದೆ ಹೋಗುತ್ತಾ ಹೋಗುತ್ತಾ, 2025ರ ಜುಲೈನಲ್ಲಿ ಬಹಳಷ್ಟು ಸ್ಥಾವರಗಳಿಗೆ ಎಫ್‌ಜಿಡಿ ವಿನಾಯಿತಿಯೇ ಸಿಕ್ಕಿತು. ಹತ್ತು ಲಕ್ಷ ಜನರಿರುವ ಊರಿಗೆ 10 ಕಿ.ಮೀ. ಒಳಗಿದ್ದರೆ ವಿನಾಯಿತಿ ಇಲ್ಲ. ಚಿಕ್ಕ ಊರಿನವರ ಶ್ವಾಸಕೋಶ ಬೇರೆ ಥರ ಇರುತ್ತೇನೋ! ಕಲ್ಲಿದ್ದಲು ಸ್ಥಾವರಗಳಿರುವ ರಾಯಚೂರಿನ ಶಕ್ತಿನಗರ (1,720 ಮೆಗಾವಾಟ್), ಯರಮರಸ್, ಬಳ್ಳಾರಿಯ ಕುಡತಿನಿ ಎಲ್ಲ ಬೆಂಗಳೂರಿನಿಂದ ದೂರ. ಕರೆಂಟು ಇಲ್ಲಿಗೂ ಬರುತ್ತದೆ, ಬೂದಿ ಅಲ್ಲೇ ಉಳಿಯುತ್ತದೆ. ನಿಮ್ಮ ಅತ್ತೆಗೆ ಸಿಟ್ಟು ಬರುವುದು ಸಹಜ.

ಜಕ್ಕೂರಿನವರೊಬ್ಬರು: ಪ್ಲಾಂಟ್ ಇರಲಿ, ಆ ಫ್ಲ್ಯಾಟಿನ ಬೆಡ್‌ರೂಮ್ ಕಿಟಕಿ ಯಾವ ಕಡೆಗಿದೆ? ಮುಖ್ಯರಸ್ತೆ ಕಡೆಗಿದ್ದರೆ ಬೇಡ. ಬೆಂಗಳೂರಲ್ಲಿ ಮಗುವಿನ ಎದೆಗೆ ಜಾಸ್ತಿ ಹೋಗುವುದು ವಾಹನದ ಹೊಗೆ, ರಸ್ತೆ ಧೂಳು. ರಾತ್ರಿ ಹೊತ್ತು ಒಮ್ಮೆ ಹೋಗಿ ನಿಂತು, ಟರ್ಬೈನ್ ಸದ್ದು ಎಷ್ಟು ಕೇಳುತ್ತದೆ ನೋಡಿ. ಅಡ್ವಾನ್ಸ್ ಆಮೇಲೆ ಕೊಡಿ.