ವಾಕ್ಯ ಓದುತ್ತೇವೆ, ನಡತೆ ಮಾತ್ರ ಹಾಗೇ ಇದೆ. ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ (ಹೊಸ ಓದುಗ):
ಎಲ್ಲರಿಗೂ ವಂದನೆಗಳು. ಸತ್ಯವೇದವೇ (ಬೈಬಲ್) ಅಂತಿಮ ಅಧಿಕಾರ ಎಂದು ಸಭೆಯಲ್ಲಿ ಎಲ್ಲರೂ ಒಪ್ಪುತ್ತೇವೆ. ವರ್ಷದೊಳಗೆ 1189 ಅಧ್ಯಾಯ ಮುಗಿಸಬೇಕೆಂದು ದಿನಕ್ಕೆ ಮೂರು-ನಾಲ್ಕು ಓದುವವರೂ ಇದ್ದಾರೆ. ಆದರೂ ಮಾತು, ಹಣ, ಸಿಟ್ಟು ಈ ಮೂರರಲ್ಲಿ ವ್ಯತ್ಯಾಸವೇ ಕಾಣುವುದಿಲ್ಲ. "ಇನ್ನೂ ಪ್ರಾರ್ಥಿಸಿ" ಅನ್ನುವುದು ಗೊತ್ತು, ಅದರ ಜೊತೆಗೆ ಕೈಯಿಂದ ಮಾಡಬಹುದಾದದ್ದು ಹೇಳಿ. ಹಣದಲ್ಲಿ ಮೋಸ ಮಾಡಿದವನು ದೇವರ ಹತ್ತಿರ ಕ್ಷಮೆ ಕೇಳಿಬಿಟ್ಟರೆ ಸಾಕಾ?

ಬೆರೋಯದವನು:
ಮೊದಲು ಓದುವ ರೀತಿ ನೋಡಿ. ಒಂದೊಂದೇ ವಚನ ಕಿತ್ತುಕೊಂಡು ಓದಿದರೆ ಅಧಿಕಾರ ನಮ್ಮ ಕೈಯಲ್ಲೇ ಉಳಿಯುತ್ತದೆ, ಬೇಕಾದದ್ದನ್ನು ಆರಿಸುವವರು ನಾವೇ ಅಲ್ಲವೇ? ಯೆರೆಮೀಯ 29:11 (ನಿಮಗೆ ಕೇಡಲ್ಲ, ಹಿತವೇ ದೇವರ ಯೋಚನೆ) ಎಲ್ಲರಿಗೂ ಬಾಯಿಪಾಠ. ಅದು ಬಾಬಿಲೋನಿಗೆ ಸೆರೆಹೋದವರಿಗೆ ಬರೆದ ಪತ್ರ. ಅದರ ಹಿಂದಿನ ವಚನವೇ 70 ವರ್ಷ ಕಾಯಬೇಕು ಅನ್ನುತ್ತದೆ. ಫಿಲಿಪ್ಪಿ 4:13 (ನನ್ನನ್ನು ಬಲಪಡಿಸುವವನಲ್ಲಿ ಎಲ್ಲಕ್ಕೂ ಶಕ್ತನು) ಪರೀಕ್ಷೆ, ಪಂದ್ಯ ಗೆಲ್ಲುವ ಮಂತ್ರವಲ್ಲ. 11, 12 ಓದಿದರೆ ಹಸಿವಿನಲ್ಲೂ ಸಮೃದ್ಧಿಯಲ್ಲೂ ಸಂತೃಪ್ತನಾಗಿರುವ ಮಾತು. ಇನ್ನು ಗೋಡೆಗೆ ತೂಗುಹಾಕುವ ಯೋಬ 8:7 (ಆರಂಭ ಅಲ್ಪ, ಅಂತ್ಯ ವೃದ್ಧಿ) ಹೇಳಿದವನು ಯೋಬನ ಸ್ನೇಹಿತ ಬಿಲ್ದದ. ಅವನೂ ಅವನ ಜೊತೆಗಾರರೂ ಸರಿಯಾಗಿ ಮಾತಾಡಲಿಲ್ಲ ಎಂದು 42:7ರಲ್ಲಿ ದೇವರೇ ಹೇಳುತ್ತಾನೆ!

ಕ್ರಮ ಬೇಕೆಂದರೆ, ವರ್ಷದ ಓದಿನ ಪಟ್ಟಿ ಬದಿಗಿಟ್ಟು ಯಾಕೋಬನ ಪತ್ರಿಕೆ ಹಿಡಿಯಿರಿ. ಐದೇ ಅಧ್ಯಾಯ, ಒಮ್ಮೆ ಕೂತರೆ ಮುಗಿಯುತ್ತದೆ. ಅದನ್ನೇ ತಿಂಗಳಿಡೀ ಮತ್ತೆ ಮತ್ತೆ ಓದಿ. ಪ್ರತಿ ಸಲ ಯಾರು, ಯಾರಿಗೆ, ಯಾಕೆ ಎಂದು ಕೇಳಿ. ಆಮೇಲೆ ನಿಮಗೆ ಹಿಡಿಸದ ಆಜ್ಞೆ ಯಾವುದೋ ಅದನ್ನು ಬರೆದು, ಪಕ್ಕದಲ್ಲಿ ಒಬ್ಬರ ಹೆಸರು, ಒಂದು ದಿನ ಬರೆಯಿರಿ. "ತಾಳ್ಮೆಯಿಂದಿರಬೇಕು" ಎಂದಷ್ಟೇ ಬರೆದರೆ ಅದು ನಡೆಯುವುದಿಲ್ಲ. "ನಾಳೆ ಅಮ್ಮ ಮಾತು ಮುಗಿಸುವ ತನಕ ನಡುವೆ ಬಾಯಿಹಾಕುವುದಿಲ್ಲ" ಎಂದರೆ ನಡೆಯಿತೋ ಇಲ್ಲವೋ ಸಂಜೆಗೆ ಗೊತ್ತಾಗುತ್ತದೆ.

ಮಾರ್ಥಾ:
ಹಣದ ಪ್ರಶ್ನೆಗೆ: ಸಾಲದು. ಯಾಜಕಕಾಂಡ 6ರಲ್ಲಿ ಮೋಸದಿಂದ ಪಡೆದದ್ದನ್ನು ಪೂರ್ತಿ ಹಿಂದಿರುಗಿಸಿ, ಐದನೇ ಒಂದು ಪಾಲು ಸೇರಿಸಿ ಕೊಡಬೇಕು. ನೂರಕ್ಕೆ ನೂರಿಪ್ಪತ್ತು. ಯಜ್ಞಕ್ಕಿಂತ ಮೊದಲು ಈ ಮಾತು ಬರುತ್ತದೆ, ಗಮನಿಸಿ. ಕಾಣಿಕೆ ಡಬ್ಬಿಗೆ ಹಾಕಿ ಕೈ ತೊಳೆದುಕೊಳ್ಳುವಂತಿಲ್ಲ, ಹಣದ ಒಡೆಯನಿಗೇ ಸೇರಬೇಕು. ಅವನಿಲ್ಲದಿದ್ದರೆ ಹತ್ತಿರದ ಬಂಧುವಿಗೆ, ಬಂಧುವೂ ಇಲ್ಲದಿದ್ದರೆ ಮಾತ್ರ ಯಾಜಕನಿಗೆ (ಅರಣ್ಯಕಾಂಡ 5:8).

ಕ್ಷಮೆ ಕೇಳುವಾಗ ಕೆಡುವುದು "ನಿಮಗೆ ಬೇಸರವಾಗಿದ್ದರೆ" ಅನ್ನುವ ಆ "ದ್ದರೆ"ಯಿಂದ. ಏನು ಮಾಡಿದೆ, ಅದರಿಂದ ಅವರಿಗೆ ಏನು ನಷ್ಟವಾಯಿತು, ಯಾವಾಗ ಸರಿಪಡಿಸುತ್ತೇನೆ, ಇಷ್ಟು ಹೇಳಿ ಸುಮ್ಮನಾಗಿ. ಕಾರಣ ವಿವರಿಸಲು ಹೊರಟರೆ ಅದು ವಾದವಾಗುತ್ತದೆ. ಕ್ಷಮಿಸಲೇಬೇಕು ಎಂದು ಅವರಿಗೇ ವಚನ ತೋರಿಸುವುದಂತೂ ಬೇಡ.

ಕಿರಿಯ ಹಿರಿಯ:
ಸಹೋದರಿ ಹೇಳಿದ್ದಕ್ಕೆ ಒಂದು ತಿದ್ದುಪಡಿ. ಐದನೇ ಪಾಲನ್ನು ಸಭೆಯಲ್ಲಿ ಇಂದಿನ ಕಟ್ಟಳೆಯಂತೆ ಹೇರಬೇಡಿ, ಅದು ಇಸ್ರಾಯೇಲಿಗೆ ಕೊಟ್ಟ ಧರ್ಮಶಾಸ್ತ್ರ. ಹಾಗೆಂದು ಅಸಲೂ ಮನ್ನಾ ಎಂದುಕೊಳ್ಳಬೇಡಿ. ಸುಂಕದವನಾದ ಜಕ್ಕಾಯ ಯಾರೂ ಕೇಳದೆಯೇ, ಮೋಸದಿಂದ ಪಡೆದದ್ದಕ್ಕೆ ನಾಲ್ಕರಷ್ಟು ಕೊಡುತ್ತೇನೆ ಅಂದ (ಲೂಕ 19:8).

ಮಾತಿನ ವಿಷಯದಲ್ಲಿ ನಮ್ಮ ದೊಡ್ಡ ರೋಗ, ಪ್ರಾರ್ಥನೆಯ ಹೆಸರಿನ ಚಾಡಿ. "ಇಂಥವರಿಗಾಗಿ ಪ್ರಾರ್ಥಿಸಿ" ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ ಮತ್ತಾಯ 18:15ರ ಮೊದಲ ಮೆಟ್ಟಿಲನ್ನೇ ಹಾರಿದಂತೆ. ಮೊದಲು ನೀವೂ ತಪ್ಪು ಮಾಡಿದವರೂ ಇಬ್ಬರೇ ಮಾತಾಡಿ. ಕೇಳದಿದ್ದರೆ ಒಬ್ಬಿಬ್ಬರು ಸಾಕ್ಷಿಗಳು. ಆಮೇಲೆ ಸಭೆ. ಆದರೆ ಹಿಂಸೆ, ಮಕ್ಕಳ ಮೇಲಿನ ದೌರ್ಜನ್ಯ ಇದ್ದಲ್ಲಿ ಈ ಭಾಗವನ್ನು ಮುಚ್ಚಿಹಾಕಲು ಬಳಸುವುದು ವಾಕ್ಯಕ್ಕೆ ಮಾಡುವ ದ್ರೋಹ. ಅಲ್ಲಿ ನೇರ ಪೊಲೀಸರಿಗೆ ಹೇಳಬೇಕು, ರೋಮಾಪುರ 13 (ಕೆಟ್ಟದ್ದನ್ನು ಶಿಕ್ಷಿಸುವ ಅಧಿಕಾರಿಗಳು ದೇವರ ಸೇವಕರು) ಇರುವುದು ಅದಕ್ಕೇ.

ಹೊಸ ಓದುಗ:
ಸ್ತೋತ್ರ. ಸಿಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ. "ಕೋಪ ಬಂದರೂ ಪಾಪ ಮಾಡಬೇಡಿ" ಅಂದರೆ ಕೋಪಕ್ಕೆ ಅನುಮತಿ ಇದೆ ಅಂತಲೇ?

ಮಾರ್ಥಾ:
ಅನುಮತಿ ಅಂದರೂ ಅದಕ್ಕೆ ಗಡುವಿದೆ, ಎಫೆಸ 4:26ರಲ್ಲೇ: ಸೂರ್ಯ ಮುಳುಗುವಷ್ಟರಲ್ಲಿ. ರಾತ್ರಿಯೊಳಗೆ ಇಡೀ ಜಗಳ ಇತ್ಯರ್ಥವಾಗಲೇಬೇಕೆಂದು ಹಟ ಹಿಡಿದರೆ ದಣಿದ ಇಬ್ಬರೂ ಇನ್ನಷ್ಟು ಕಿತ್ತಾಡುತ್ತಾರೆ. "ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳುವುದಿಲ್ಲ, ಬೆಳಗ್ಗೆ ಮಾತಾಡೋಣ" ಎಂದು ಹೇಳಿ ಮಲಗಬಹುದು. ಬೆಳಗ್ಗೆ ಮಾತು ತೆಗೆಯಬೇಕಾದವರು ಹಾಗೆ ಹೇಳಿದವರೇ.