ಸಹಾಯ ಬೇಕು: ಕೋಲಾರದ ಅಂತರ್ಜಲ ನಕ್ಷೆಗೆ ಪದರಗಳ ತೂಕ ಹೇಗೆ ಹಾಕೋದು?

ನಮಸ್ಕಾರ. ಮುಳಬಾಗಿಲು ಕಡೆಯ ನೈಸ್ ಎಂಬ ಗಟ್ಟಿ ಬಂಡೆಯ ಪ್ರದೇಶಕ್ಕೆ ಎಎಚ್‌ಪಿ ವಿಧಾನದಲ್ಲಿ (ಪದರಗಳನ್ನು ಎರಡೆರಡಾಗಿ ಹೋಲಿಸಿ, ಯಾವುದು ಎಷ್ಟು ಪಟ್ಟು ಮುಖ್ಯ ಅಂತ ಅಂಕ ಕೊಟ್ಟು ತೂಕ ಹಾಕೋದು) ನಕ್ಷೆ ಮಾಡ್ತಿದ್ದೀವಿ. ಶಿಲೆ, ಬಿರುಕು, ಶಿಥಿಲ ಪದರದ (ಸವೆದು ಸಡಿಲವಾದ ಬಂಡೆಯ) ದಪ್ಪ, ಇಳಿಜಾರು, ಹಳ್ಳಗಳ ಸಾಂದ್ರತೆ, ಭೂಬಳಕೆ ಸೇರಿ ಆರು ಪದರ. ಕೊಟ್ಟ ಅಂಕಗಳು ಒಂದಕ್ಕೊಂದು ಹೊಂದುತ್ತವಾ ಅಂತ ನೋಡೋಕೆ ಲೆಕ್ಕ ಹಾಕಿದರೆ ಲ್ಯಾಮ್ಡಾ ಮ್ಯಾಕ್ಸ್ (ಹೋಲಿಕೆ ಕೋಷ್ಟಕದ ಅತಿ ದೊಡ್ಡ ಐಗನ್ ಮೌಲ್ಯ) 6.87 ಬಂತು. 6 ಕಳೆದು 5ರಿಂದ ಭಾಗಿಸಿದರೆ 0.174, ಅದನ್ನು 1.24ರಿಂದ (ಆರು ಪದರಕ್ಕೆ ನಿಗದಿಯಾದ ಸೂಚ್ಯಂಕ) ಭಾಗಿಸಿದರೆ 0.14. ಮಿತಿ 0.10, ಅಂದರೆ ಅಂಕಗಳು ಸಾಕಷ್ಟು ಹೊಂದುತ್ತಿಲ್ಲ.

ಒಂದು ತಪ್ಪು ಸಿಕ್ಕಿದೆ: ಶಿಥಿಲ ಪದರಕ್ಕಿಂತ ಬಿರುಕಿಗೆ 3, ಇಳಿಜಾರಿಗಿಂತ ಶಿಥಿಲ ಪದರಕ್ಕೆ 3 ಕೊಟ್ಟು, ಇಳಿಜಾರಿಗಿಂತ ಬಿರುಕಿಗೆ ಬರೀ 2 ಕೊಟ್ಟಿದ್ದೀವಿ. 3ನ್ನು 3ರಿಂದ ಗುಣಿಸಿ 9ರ ಹತ್ತಿರ ಇರಬೇಕಿತ್ತು. ಅದು ತಿದ್ದಬಹುದು, ಆದರೆ ದೊಡ್ಡ ತೊಡಕು ಬೇರೆ. ಹಳ್ಳಗಳು ಎಷ್ಟೋ ಕಡೆ ಬಿರುಕಿನ ಗುಂಟವೇ ಹರಿಯುತ್ತವೆ. ಒಂದೇ ಸಾಕ್ಷ್ಯಕ್ಕೆ ಎರಡು ಸಲ ತೂಕ ಬೀಳುತ್ತೆ. ವೇಟ್ಸ್ ಆಫ್ ಎವಿಡೆನ್ಸ್‌ಗೆ (ಗೊತ್ತಿರುವ ಬಾವಿಗಳಿಂದ ಪ್ರತಿ ಪದರದ ತೂಕ ಬೇರೆ ಬೇರೆಯಾಗಿ ಲೆಕ್ಕ ಹಾಕುವ ವಿಧಾನ) ಹೋದರೂ ಇದೇ ಕಾಟ.

ಹಳ್ಳ, ಬಿರುಕು ಎರಡನ್ನೂ ಒಂದೇ ಪದರ ಮಾಡೋದಾ, ಲಾಜಿಸ್ಟಿಕ್ ರಿಗ್ರೆಷನ್ (ಎಲ್ಲ ಪದರಗಳ ತೂಕ ಒಟ್ಟಿಗೇ ಲೆಕ್ಕ ಹಾಕುವ ವಿಧಾನ) ಹಿಡಿಯೋದಾ? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ನೀರು ಬೀಳದ ಬೋರ್‌ವೆಲ್‌ಗಳ ಜಾಗ, ಆಳ ಗೊತ್ತಿದ್ದವರು ಅದನ್ನೂ ಕೊಡಿ. ನಕ್ಷೆ ಪರೀಕ್ಷಿಸೋಕೆ ಅವೇ ಹೆಚ್ಚು ಬೇಕು.